ನೂರ ಮೂವತ್ತೇಳು ಕಡಲಕ್ಕಿಗಳು

ದೋಣಿಯ ಮುಂತುದಿಯಲ್ಲಿ ಕೂರಬೇಕು, ಬಲಗಡೆ ಮಾತ್ರ ನೋಡಬೇಕು, ಎಡಗಡೆ ಆನೆ ಬಂದರೂ ತಿರುಗಬಾರದು. ಕಡಲು ದಾಟುವ ಹಡಗಿನಿಂದ ಹಕ್ಕಿ ಎಣಿಸುವ ಕ್ರಮದಲ್ಲಿ ಇದು ಮೊದಲ ನಿಯಮ. ಇದನ್ನು ನಾನು ಕಲಿತದ್ದು ಕರಾವಳಿಯಲ್ಲಿ ಜನ, ಬೈಕು ಸಾಗಿಸುವ ಒಂದು ಬಾರ್ಜಿನ ಮೇಲೆ, ಐದು ದಿನದ ತರಬೇತಿಯಲ್ಲಿ. ಅದರಲ್ಲಿ ಎರಡು ದಿನ ವಾಂತಿಯಲ್ಲೇ ಕಳೆಯಿತು. ಕಲಿತದ್ದನ್ನು ಬಳಸುವ ಅವಕಾಶ ಬಂದದ್ದು ಮಾತ್ರ ಕಡಲಿನಿಂದ ದೂರ, ಅಮೃತೂರಿನ ಆಚೆಯ ಒಂದು ಕೆರೆಯಲ್ಲಿ, ಹದಿನೈದು ಜನ ಹಿಡಿಸುವ ತಗಡಿನ ದೋಣಿಯ ಮೇಲೆ.

ಆ ಕೆರೆಯಲ್ಲಿ ಸ್ಪೀಡ್ ಬೋಟ್ ಓಡಿಸುತ್ತೇವೆಂದು ಒಂದು ಕಂಪನಿ ಅರ್ಜಿ ಹಾಕಿತ್ತು. ಅನುಮತಿ ಕೊಡುವ ಸಮಿತಿಯ ಸಾಹೇಬರು ತುಮಕೂರಿನಲ್ಲಿ ಕೂರುತ್ತಿದ್ದರು. ಕೆರೆಯಲ್ಲಿ ಏನು ಹಕ್ಕಿ ಇದೆ, ಎಷ್ಟಿದೆ ಎಂದು ತಿಳಿಯದೆ ಸಹಿ ಹಾಕುವುದು ಬೇಡ ಎಂದು ಅವರಿಗೆ ಅನಿಸಿತ್ತು. ಗುಬ್ಬಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ನನಗೆ ಹನ್ನೊಂದು ವರ್ಷ. ಅಷ್ಟು ವರ್ಷ ಇದ್ದ ಮೇಲೂ ಅತಿಥಿ ಅನ್ನುವುದು ನಮ್ಮ ವ್ಯವಸ್ಥೆಗೆ ಮಾತ್ರ ಸಾಧ್ಯ. ಸಾಹೇಬರು ಯಾರಿಂದಲೋ ನನ್ನ ಹೆಸರು ಕೇಳಿ ಕರೆಸಿದರು. "ವಲಸೆ ಹಕ್ಕಿ ನೂರು ದಾಟಿದ್ರೆ ನಾನು ಮೀಟಿಂಗಲ್ಲಿ ಗಟ್ಟಿಯಾಗಿ ಮಾತಾಡಬಹುದು ಮೇಡಂ. ಹತ್ತಿಪ್ಪತ್ತು ಅಂದ್ರೆ ಯಾರೂ ಕೇಳಲ್ಲ," ಎಂದರು.

ವಾರಕ್ಕೆ ಮೂರು ಬೆಳಗ್ಗೆ ಎಣಿಕೆ. ಕ್ಯಾತ್ಸಂದ್ರದ ನನ್ನ ಮನೆಯಿಂದ ಮೊದಲ ಬಸ್ಸಿಗೆ ಕುಣಿಗಲ್, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರು, ಅಲ್ಲಿಂದ ಹಾಲಿನ ಆಟೋ. ಎಣಿಕೆ ಮುಗಿಸಿ ಅದೇ ದಾರಿಯಲ್ಲಿ ತುಮಕೂರಿಗೆ ಬಂದು, ಗುಬ್ಬಿ ಬಸ್ಸು ಹಿಡಿದು ಮಧ್ಯಾಹ್ನದ ಕ್ಲಾಸು. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಹೇಳುತ್ತಾ ನಿಂತಲ್ಲೇ ತೂಕಡಿಸಿದ್ದೂ ಉಂಟು.

ಕೆರೆಯ ಆಚೆ ದಡದಲ್ಲಿ ಮೂರು ಪುಟ್ಟ ಹಳ್ಳಿಗಳಿವೆ. ಸುತ್ತಿ ಬರುವ ರಸ್ತೆ ಹೆಸರಿಗಷ್ಟೇ ರಸ್ತೆ, ಬಸ್ಸಿಲ್ಲ. ಜನ ಈಚೆಗೆ ಬರುವುದು ದೋಣಿಯಲ್ಲೇ. ದೋಣಿಯವನಿಗೆ ಐವತ್ತರ ಸುಮಾರು, ಅವನ ಅಪ್ಪನೂ ಇದೇ ಕಡವಿನಲ್ಲಿ, ಅಂದರೆ ದೋಣಿ ದಾಟುವ ಈ ಜಾಗದಲ್ಲಿ, ಹುಟ್ಟು ಹಾಕಿದವನು. ಬೆಳಗ್ಗೆ ಮೂರು ಸುತ್ತು, ಒಂದೊಂದು ಸುತ್ತೂ ಒಂದೊಂದು ಹಳ್ಳಿಗೆ. ಈಚೆಯ ಕಟ್ಟೆಯಿಂದ ಹೊರಟರೆ ಮೂರು ದಾರಿಗಳೂ ಬೀಸಣಿಗೆಯ ಕಡ್ಡಿಗಳ ಹಾಗೆ ಬೇರೆ ಬೇರೆ ಕಡೆಗೆ ಬಿಚ್ಚಿಕೊಳ್ಳುತ್ತವೆ. ಸ್ಪೀಡ್ ಬೋಟ್ ಬಂದರೆ ಅದರ ನಿಲ್ದಾಣ ಆಗುವುದು ಇದೇ ಕಟ್ಟೆ. ಆಗ ಹುಟ್ಟಿನ ದೋಣಿ ಸುರಕ್ಷಿತವಲ್ಲ ಎಂದು ಕಡವನ್ನು ನಿಲ್ಲಿಸುತ್ತಾರೆ. ಅರ್ಜಿಯಲ್ಲಿ ಹಾಗೆಂದೇ ಬರೆದಿತ್ತು. ದೋಣಿಯವನಿಗೆ ಅದು ಗೊತ್ತಿತ್ತು. ಮೊದಲ ದಿನ ನನ್ನ ಬೈನಾಕ್ಯುಲರ್ ನೋಡಿ, "ಗುಬ್ಬಿಯಿಂದ ಹಕ್ಕಿ ಎಣ್ಸಕ್ಕೆ ಬಂದವ್ರೆ ಕಣ್ರಪ್ಪ, ದಾರಿ ಬುಡ್ರಿ," ಎಂದು ಎಲ್ಲರನ್ನೂ ನಗಿಸಿದ. ಆಮೇಲೆ ಕೈ ಕೊಟ್ಟು ಹತ್ತಿಸಿಕೊಂಡು ಮೆಲ್ಲಗೆ ಹೇಳಿದ: "ಜಾಸ್ತಿ ಬರ್ಲಿ ಅಂತ ಬೇಡ್ಕಳಿ ಮೇಡಂ. ನಂಗೆ ಈ ನೀರ್ ಬುಟ್ರೆ ಬ್ಯಾರೆ ಏನೂ ಗೊತ್ತಿಲ್ಲ."

ಕಡಲಿನ ಕ್ರಮ ಕೆರೆಗೆ ಸುಲಭವಾಗಿ ಒಗ್ಗಲಿಲ್ಲ. ಕಡಲಿನಲ್ಲಿ ಹಕ್ಕಿ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಒಂದು ಕಡ್ಡಿಯನ್ನು ತೋಳುದ್ದ ಹಿಡಿದು, ಅದರ ತುದಿಯನ್ನು ನೀರು ಆಕಾಶ ಕೂಡುವ ಗೆರೆಗೆ ಹೊಂದಿಸುತ್ತಾರೆ. ಇಲ್ಲಿ ಆ ಗೆರೆ ಎಲ್ಲಿದೆ? ಯಾವ ಕಡೆ ನೋಡಿದರೂ ತೆಂಗಿನ ತೋಟ. ಕೊನೆಗೆ ನೂರು ಮೀಟರ್ ನೈಲಾನ್ ಹಗ್ಗಕ್ಕೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ತೇಲಿಬಿಟ್ಟು, ಕಣ್ಣಿಗೆ ಆ ದೂರ ಅಭ್ಯಾಸವಾಗುವ ತನಕ ಮೂರು ಬೆಳಗ್ಗೆ ನೋಡಿದೆ. ದೋಣಿಯ ಬಲಕ್ಕೆ ನೂರು ಮೀಟರ್ ಅಗಲದ ಆ ಪಟ್ಟಿಯೊಳಗೆ ನೀರಿನ ಮೇಲೆ ಕೂತ ಹಕ್ಕಿಯನ್ನೆಲ್ಲ ಎಣಿಸಬೇಕು. ಹಾರುವುದನ್ನು ಮಾತ್ರ ಎರಡು ನಿಮಿಷಕ್ಕೊಮ್ಮೆ, ಫೋಟೋ ತೆಗೆದ ಹಾಗೆ, ಆ ಒಂದು ಕ್ಷಣಕ್ಕೆ ಎಷ್ಟಿವೆಯೋ ಅಷ್ಟೇ ಬರೆಯಬೇಕು. ಇಲ್ಲವಾದರೆ ಸುತ್ತಾಡುವ ಒಂದೇ ಹಕ್ಕಿ ಹತ್ತಾಗಿ ಕೂರುತ್ತದೆ. ಇನ್ನೊಂದು ನಿಯಮ: ಹಡಗಿನ ಹಿಂದೆ ತಿಂಡಿಯ ಆಸೆಗೆ ಬರುವ ಹಕ್ಕಿಗಳನ್ನು ಎಣಿಸಲೇಬಾರದು. ಈ ನಿಯಮ ಓದಿ ನಕ್ಕಿದ್ದೆ. ನಮ್ಮ ತಗಡಿನ ದೋಣಿಯ ಹಿಂದೆ ಯಾವ ಹಕ್ಕಿ ಬರುತ್ತದೆ?

ಬರೆದುಕೊಳ್ಳಲು ಪೆನ್ಸಿಲ್ಲೇ ಬೇಕು, ಪೆನ್ನಿನ ಇಂಕು ಒಂದು ಹನಿಗೆ ಹರಡಿ ಹೋಗುತ್ತದೆ. ನನ್ನ ಮುಂತುದಿಯ ಜಾಗ, ಆಚೆ ದಡದಿಂದ ಹತ್ತುವ ಸೊಪ್ಪಿನಜ್ಜಿ ದಿನವೂ ಬುಟ್ಟಿ ಇಟ್ಟು ಕೂರುವ ಜಾಗ. ಸಂತೆಗೆ ದಂಟು, ಕೀರೆ ಒಯ್ಯುವ ಹೆಂಗಸು, ಬಾಯಿ ಜೋರು. "ನನ್ ಜಾಗ ಕಿತ್ಕಂಡ್ಳು ಕಣ್ರೇ ಈ ಹಕ್ಕಿ ಮೇಡಮ್ಮು," ಎಂದು ಗೊಣಗುತ್ತಲೇ ಸರಿದಳು. ಕೆರೆಯ ನಡುವಿಗೆ ಬಂದಾಗ ಎಲ್ಲ ಹೆಂಗಸರೂ ಮಡಿಲಿನಿಂದ ಒಂದೊಂದು ಹಿಡಿ ಕಡ್ಲೆಪುರಿ ತೆಗೆದು ನೀರಿಗೆ ಹಾಕಿ ಕೈಮುಗಿದರು. ದಾಟುವಾಗ ಗಂಗಮ್ಮನಿಗೆ ಅಷ್ಟು ಕೊಡುವುದು ಅಲ್ಲಿನ ಪದ್ಧತಿ. ಅಜ್ಜಿ ನನ್ನ ಕೈಗೂ ಒಂದು ಹಿಡಿ ಸುರಿದಳು. ನಾನೂ ಹಾಕಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ಬೈನಾಕ್ಯುಲರ್ ಎತ್ತಿದೆ. ಆಮೇಲೆ ದಿನವೂ ಹಾಕಿದೆ.

ಕೆರೆಯಲ್ಲಿ ನಾಮಗೋಳಿ, ನೀರುಕಾಗೆ, ಮಿಂಚುಳ್ಳಿ ಧಾರಾಳವಾಗಿದ್ದವು. ಅವು ಎಲ್ಲ ಕೆರೆಯಲ್ಲೂ ಇರುವಂಥವು. ನೀರಿಗೆ ಕಲ್ಲು ಬಿದ್ದಂತೆ ಧುಮುಕುವ ರೀವಗಳೂ ಒಂದಿಷ್ಟು. ಆದರೆ ಡಿಸೆಂಬರ್ ಹುಟ್ಟಿದ ಮೇಲೆ ಕಂಡ ವಲಸೆ ಹಕ್ಕಿ ಎಂದರೆ ಕಡಲಕ್ಕಿ. ಕಂದುತಲೆಯ ಜಾತಿ, ಆದರೆ ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ ಕಿವಿಯ ಹತ್ತಿರ ಒಂದು ಮಸಿಬೊಟ್ಟು ಮಾತ್ರ ಉಳಿದಿರುತ್ತದೆ. ಕರಾವಳಿಯಲ್ಲಿ ಬಾರ್ಜಿನ ಸುತ್ತ ಕಿರುಚುತ್ತಿದ್ದ ಅದೇ ಹಕ್ಕಿ ಕುಣಿಗಲ್ ಸೀಮೆಯ ನೀರಿನ ಮೇಲೆ ಕೂತಿರುವುದನ್ನು ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಈಜು ಬಾರದ ಕಾರಣ ಕುಣಿಯಲಿಲ್ಲ.

ಮೊದಲ ದಾರಿಯಲ್ಲಿ ನಲವತ್ತಾರು, ಎರಡನೆಯದರಲ್ಲಿ ನಲವತ್ತನಾಲ್ಕು, ಮೂರನೆಯದರಲ್ಲಿ ನಲವತ್ತೇಳು. ಎಲ್ಲವೂ ದೋಣಿಯ ಮುಂದೆ ಕಂಡವು, ನನ್ನ ಪಟ್ಟಿಯೊಳಗೆ ನೀರಿನ ಮೇಲೆ ಕೂತವು, ನಿಯಮದ ಪ್ರಕಾರ ಎಣಿಸಬೇಕಾದವು. ಮೂರು ದಾರಿ ಬೇರೆ ಬೇರೆಯಾದ್ದರಿಂದ ಕೂಡಿಸಿದೆ. ನೂರ ಮೂವತ್ತೇಳು. ಬಸ್ಸಿನಲ್ಲಿ ಇನ್ನೊಂದು ಸಲ ಕೂಡಿಸಿದೆ. ಮುಂದಿನ ಎಣಿಕೆಗಳಲ್ಲೂ ಹೆಚ್ಚೂಕಡಿಮೆ ಅಷ್ಟೇ ಬಂತು. ಜನವರಿಯ ಮೊದಲ ವಾರ ವರದಿ ಬರೆದು ಸಾಹೇಬರಿಗೆ ಕೊಟ್ಟೆ. ಅವರ ಮುಖ ಅರಳಿತು. ದೋಣಿಯವನಿಗೆ ಹೇಳಿದಾಗ ಅವನು ಹುಟ್ಟು ಬಿಟ್ಟು ಎರಡೂ ಕೈ ಎತ್ತಿ ಕೆರೆಗೇ ನಮಸ್ಕಾರ ಮಾಡಿದ. ಮರುದಿನ ನನಗೆಂದು ಎಳನೀರು ಕೆತ್ತಿ ಇಟ್ಟುಕೊಂಡು ಕಾದಿದ್ದ.

ವರದಿ ಕೊಟ್ಟ ಮೇಲೂ ಎಣಿಕೆ ತಿಂಗಳ ಕೊನೆವರೆಗೆ ನಡೆಯಬೇಕಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ದೋಣಿ ಹತ್ತಿದೆ. ಮೊದಲ ದಾರಿಯಲ್ಲಿ ಒಂದು ಕಡಲಕ್ಕಿಯೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಹಕ್ಕಿಗಳು ಹೊರಟೇ ಹೋದವೇನೋ ಎಂದುಕೊಂಡೆ. ಮೂರನೆಯ ದಾರಿಯಲ್ಲಿ ನಿಯಮ ಮುರಿದು ಎಡಕ್ಕೂ ತಿರುಗಿ ನೋಡಿದೆ. ದೂರದಲ್ಲಿ ಕೆರೆಯ ಬತ್ತಿದ ಮೂಲೆಯ ಮಣ್ಣಿನ ದಿಬ್ಬದ ಮೇಲೆ ಬೆಳ್ಳಗೆ ಒಂದೇ ಗುಂಪು ಕೂತಿತ್ತು. ದೋಣಿ ನಿಲ್ಲಿಸಲು ಹೇಳಿ ಮೂರು ಸಲ ಎಣಿಸಿದೆ. ನಲವತ್ತೇಳು.

"ಇವತ್ತು ಯಾಕೆ ಇವು ನೀರಿಗೆ ಇಳಿದಿಲ್ಲ?" ಎಂದು ಗಾಳಿಯನ್ನು ಕೇಳಿದ ಹಾಗೆ ಕೇಳಿದೆ.

"ಯಾಕ್ ಇಳೀತವೆ? ಪುರಿ ಎಲ್ಲೈತೆ ಇವತ್ತು?" ಎಂದಳು ಸೊಪ್ಪಿನಜ್ಜಿ. "ಊರಲ್ಲಿ ಸಾವಾಗೈತೆ ಕಣವ್ವ, ಮೂರೂ ಹಳ್ಳೀಗೂ ಒಂದೇ ಸೂತ್ಕ. ಸೂತ್ಕ ಕಳೆಯೋಗಂಟ ಗಂಗಮ್ಮಂಗೆ ಏನೂ ಹಾಕಂಗಿಲ್ಲ."

"ಪುರಿ ತಿನ್ನುತ್ತವಾ ಅವು?"

ಅಜ್ಜಿ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. "ಇನ್ನೇನ್ ಗಂಗಮ್ಮ ಎದ್ ಬಂದು ತಿಂತಾಳಾ? ನಾವ್ ಹಾಕೋದ್ ಅವ್ಳಿಗೆ, ತಿನ್ನೋವು ಇವು. ದೋಣಿ ಯಾವ್ ಕಡೀಕ್ ತಿರುಗ್ತು ಅಂತ ನೋಡ್ಕಂಡು, ನಾವ್ ಹೋಗೋಕ್ ಮುಂಚೇನೇ ಹೋಗಿ ಕುಂತಿರ್ತವೆ. ಕಾಲೇಜಲ್ಲಿ ಪಾಠ ಮಾಡ್ತೀಯ, ಇಷ್ಟೂ ಗೊತ್ತಿಲ್ವೇ?"

ದೋಣಿಯಲ್ಲಿದ್ದವರು ಸೂತಕ ಮರೆತು ನಕ್ಕರು. ನಾನು ಪೆನ್ಸಿಲ್ ಹಿಡಿದುಕೊಂಡೇ ಕೂತೆ. ಹಡಗಿನ ಹಿಂದೆ ಬರುವ ಹಕ್ಕಿಗಳಿಗೆ ನಿಯಮವಿತ್ತು, ಮೊದಲೇ ಹೋಗಿ ಮುಂದೆ ಕಾಯುವ ಹಕ್ಕಿಗಳಿಗೆ ಇರಲಿಲ್ಲ. ಆದರೂ ನಿಯಮವನ್ನು ಬೈದು ಪ್ರಯೋಜನವಿಲ್ಲ. ಹೊರಗಿನವರು ಯಾರಾದರೂ ಆಗಿದ್ದರೆ ಮೊದಲ ದಿನವೇ, ನೀರಿಗೆ ಏನೋ ಹಾಕುತ್ತಿದ್ದೀರಲ್ಲ, ಏನದು ಎಂದು ಕೇಳುತ್ತಿದ್ದರು. ನನಗೆ ಅದು ಕೇಳುವಂಥ ವಿಷಯವೇ ಅನಿಸಲಿಲ್ಲ. ನೀರು ದಾಟುವಾಗ ಗಂಗಮ್ಮನಿಗೆ ಹಾಕದೆ ಇರುತ್ತಾರೆಯೇ? ಆರು ವಾರ ನನ್ನ ಕೈಯಾರೆ ಹಕ್ಕಿಗಳಿಗೆ ತಿನ್ನಿಸಿ, ಆಮೇಲೆ ಅವನ್ನೇ ಎಣಿಸಿದ್ದೆ.

ಪೂರ್ತಿ ಖಾತ್ರಿಯಾಗದೆ ಯಾರಿಗೂ ಹೇಳಬಾರದೆಂದು ಸೂತಕ ಕಳೆಯುವ ತನಕ ಕಾದೆ. ಪುರಿ ಮತ್ತೆ ಬಿದ್ದ ಮೊದಲ ಬೆಳಗ್ಗೆ ಎಣಿಸುವುದು ಬಿಟ್ಟು ಗುರುತು ಹುಡುಕಿದೆ. ಒಂದು ಹಕ್ಕಿಗೆ ಬಲಗಾಲಿನ ಪಾದವಿರಲಿಲ್ಲ, ಬಲೆಗೆ ಸಿಕ್ಕಿ ಹೋಗಿರಬೇಕು. ಹಾರುವಾಗ ಮೊಂಡು ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲ ದಾರಿಯಲ್ಲಿ ಸಿಕ್ಕಿತು. ಎರಡನೆಯದರಲ್ಲಿ ಸಿಕ್ಕಿತು. ಮೂರನೆಯದರಲ್ಲಿ ನಾವು ಮುಟ್ಟುವ ಮೊದಲೇ ಬಂದು ತೇಲುತ್ತಿತ್ತು. ನೂರ ಮೂವತ್ತೇಳು ಎಂಬುದು ನಲವತ್ತೇಳಾಯಿತು.

ದೋಣಿಯವನಿಗೆ ಮೊದಲು ಹೇಳಿದೆ. ಅವನು ದಡಕ್ಕೆ ಹಗ್ಗ ಬಿಗಿಯುತ್ತಿದ್ದ.

"ನೂರಿಲ್ವಾ?"

"ಇಲ್ಲ."

"ಈಗೇನ್ ಮಾಡ್ತೀರ?"

"ಸಾಹೇಬರಿಗೆ ಹೇಳಬೇಕು."

"ಯಾಕ್ ಹೇಳ್ಬೇಕು?" ಅವನ ದನಿ ಏರಲಿಲ್ಲ. "ಕೊಟ್ಟಾಗೈತೆ. ಅವರೂ ಒಪ್ಪವ್ರೆ. ಹಕ್ಕಿ ಏನ್ ಬಂದು ಸಾಕ್ಷಿ ಹೇಳ್ತವಾ ಮೇಡಂ?"

ಎರಡು ದಿನ ಸುಮ್ಮನಿದ್ದೆ. ಸತ್ಯವಂತೆ ಎಂದು ನನ್ನನ್ನು ನಾನು ಹೊಗಳಿಕೊಳ್ಳಲಾರೆ, ಏಕೆಂದರೆ ಆ ಎರಡು ದಿನವೂ ಹೇಳದಿರುವುದಕ್ಕೆ ಕಾರಣಗಳನ್ನೇ ಹುಡುಕಿದೆ. ಕಡವು ಉಳಿಯುತ್ತದೆ, ಕೆರೆ ಉಳಿಯುತ್ತದೆ, ಯಾರಿಗೆ ನಷ್ಟ? ಕೊನೆಗೆ ಹೇಳಲು ಹೊರಡಿಸಿದ್ದು ಪಾಪಭೀತಿಗಿಂತ ಹೆಚ್ಚಾಗಿ ಸಿಕ್ಕಿಬೀಳುವ ಭಯ. ಕಂಪನಿಯವರು ಒಬ್ಬನನ್ನು ಒಂದು ಬೆಳಗ್ಗೆ ಆ ದಿಬ್ಬದ ಎದುರು ಕೂರಿಸಿದರೆ ಸಾಕು, ನನ್ನ ಸುಳ್ಳು ಬಯಲಾಗುತ್ತದೆ. ಆಗ ರೀವಗಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ದೋಣಿಯವನೂ ಸೇರಿಯೇ ಸುಳ್ಳು ಬರೆಸಿದ ಎನ್ನುತ್ತಾರೆ. ಇನ್ನೂ ಒಂದಿತ್ತು, ಅದನ್ನು ಹೇಳಲು ನಾಚಿಕೆ: ಹನ್ನೊಂದು ವರ್ಷದಿಂದ ಕೆಲಸ ಕಾಯಂ ಆಗದ ನನಗೆ, ಮಾಡುವ ಕೆಲಸವಾದರೂ ಸರಿಯಾಗಿರಲಿ ಎಂಬ ಹಟ.

ಸಾಹೇಬರು ತಿದ್ದಿದ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. "ನೀವು ಹೇಳ್ದೇ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ," ಎಂದರು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. "ನಲವತ್ತೇಳು ಇಟ್ಕೊಂಡು ನಾನು ಬೋಟ್ ನಿಲ್ಲಿಸಕ್ಕೆ ಆಗಲ್ಲ ಮೇಡಂ."

"ಹಾಗಾದರೆ ದೋಣಿ ನಿಲ್ಲುತ್ತೆ ಸರ್. ಜನ ಹೇಗೆ ದಾಟಬೇಕು?"

"ಎಷ್ಟು ಜನ ದಾಟ್ತಾರೆ?"

ಆರು ವಾರ ಅವರ ಮೊಣಕಾಲು ನನ್ನ ಬೆನ್ನಿಗೆ ತಾಗುತ್ತಿತ್ತು. ಅವರು ಕೊಟ್ಟ ಪುರಿ ನೀರಿಗೆ ಹಾಕಿದ್ದೆ, ಅವರ ಬೈಗುಳ ಕೇಳಿದ್ದೆ. ಕೆರೆಯಲ್ಲಿ ಎಷ್ಟು ನೀರುಕಾಗೆ ರೆಕ್ಕೆ ಒಣಗಿಸುತ್ತವೆ ಎಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. "ಗೊತ್ತಿಲ್ಲ ಸರ್," ಎಂದೆ.

"ಅರ್ಜೀಲಿ 'ಅಪರೂಪಕ್ಕೆ ಬಳಕೆಯಲ್ಲಿರುವ ದೋಣಿ' ಅಂತ ಬರೆದವ್ರೆ. ಅಲ್ಲ ಅನ್ನೋಕೆ ನನ್ ಹತ್ರ ಏನೂ ಇಲ್ಲ. ಮೀಟಿಂಗ್ ಇನ್ನು ಹತ್ತು ದಿನ ಐತೆ."

ಮರುದಿನ ಕೆರೆಗೆ ಹೋದಾಗ ದೋಣಿಯವನು ನನ್ನನ್ನು ಹತ್ತಿಸಿಕೊಳ್ಳಲು ಕೈ ಕೊಡಲಿಲ್ಲ. ಹಗ್ಗ ಹಿಡಿದು ನಾನೇ ಹತ್ತಿದೆ, ಸೀರೆ ಮೊಣಕಾಲಿನವರೆಗೆ ನೆನೆಯಿತು. ಮುಂತುದಿಗೆ ಹೋಗದೆ ಹಿಂದೆ, ಅವನ ಪಕ್ಕದಲ್ಲಿ, ಜನರ ಕಡೆ ಮುಖಮಾಡಿ ಕೂತೆ. "ಇವತ್ತಿಂದ ಜನಾನ ಎಣಿಸ್ತೀನಿ. ನೀವು ಗುರುತು ಹೇಳಬೇಕು, ಒಬ್ಬರನ್ನ ಎರಡು ಸಲ ಎಣಿಸಬಾರದು," ಎಂದೆ. ಅವನು ಎರಡು ಹುಟ್ಟು ಎಳೆದ. ಮೂರನೆಯದಕ್ಕೆ, "ನೀಲಿ ಸ್ವೆಟ್ರು, ನಡ್ವಿನ್ ಹಳ್ಳಿ, ಡೈರಿಗೆ ಹೋಗೋಳು," ಎಂದ.

ಏಳು ದಿನ ಒಂದೂ ಬಿಡದೆ ಹೋದೆ. ಗುಬ್ಬಿ ಕಾಲೇಜಿನಲ್ಲಿ ಮೈ ಸರಿಯಿಲ್ಲ ಎಂದು ಹೇಳಿದೆ, ಅದೇನೂ ಪೂರ್ತಿ ಸುಳ್ಳಾಗಿರಲಿಲ್ಲ. ಕಾಲು ಊದಿತ್ತು. ಪ್ರತಿಯೊಬ್ಬರಿಗೂ ಒಂದು ಸಾಲು: ಎಲ್ಲಿಂದ, ಎಲ್ಲಿಗೆ, ಯಾತಕ್ಕೆ, ವಾರದಲ್ಲಿ ಎಷ್ಟು ಸಲ. ಹಾಲು, ಸೊಪ್ಪು, ಗಾರ್ಮೆಂಟ್ಸು, ಶುಗರ್ ಮಾತ್ರೆ, ಹೈಸ್ಕೂಲು, ಬ್ಯಾಂಕು. ತನಗೆ ಒಂದೇ ಸಾಲು ಎಂದು ತಿಳಿದು ಸೊಪ್ಪಿನಜ್ಜಿ ರೇಗಿದಳು. "ದಿನಾ ಬರೋಳ್ಗೂ ಒಂದೇ, ಅಮಾಸೆಗೊಂದ್ಸಲ ಬರೋನ್ಗೂ ಒಂದೇನಾ? ಯಾವೂರ್ ನ್ಯಾಯ ಕಣವ್ವ ಇದು?" ಸಲಗಳಿಗೆ ಬೇರೆ ಕಾಲಂ ಇದೆ ಎಂದು ತೋರಿಸಿದ ಮೇಲೂ, ತನ್ನ ಸಾಲಿನ ಮುಂದೆ ಗೀಟು ಎಳೆಯುವುದನ್ನು ದಿನವೂ ಬಗ್ಗಿ ನೋಡುತ್ತಿದ್ದಳು. ಒಂದು ವಾರಕ್ಕೆ ನೂರ ಹನ್ನೆರಡು ಜನ, ಯಾರೂ ಎರಡು ಸಲ ಇಲ್ಲ. ಈ ಲೆಕ್ಕವನ್ನು ಯಾರು ಬೇಕಾದರೂ ಬಂದು ಪರೀಕ್ಷಿಸಲಿ ಎಂದು ಕೆಳಗೆ ಬರೆದು ಸಹಿ ಹಾಕಿದೆ. ದೋಣಿಯವನೂ ಹೆಬ್ಬೆಟ್ಟು ಬೇಡ ಎಂದು ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿದ.

ಮೀಟಿಂಗಿನಲ್ಲಿ ಏನಾಯಿತೆಂದು ನಾನು ನೋಡಿಲ್ಲ. ತೀರ್ಮಾನ ಹೀಗಾಯಿತು: ಹುಟ್ಟಿನ ದೋಣಿ ಬೆಳಗ್ಗೆ ಹತ್ತರವರೆಗೆ ಮತ್ತು ಸಂಜೆ ನಾಲ್ಕರ ಮೇಲೆ ಓಡಬಹುದು, ಕಟ್ಟೆಯನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ನಡುವಿನ ಹೊತ್ತು ಸ್ಪೀಡ್ ಬೋಟಿಗೆ. ಸುದ್ದಿ ತಿಳಿದ ದಿನ ದೋಣಿಯವನು ಮೂಗು ಸೀಟಿಕೊಂಡು, ಟವೆಲಿನಲ್ಲಿ ಹಲಗೆ ಒರೆಸಿ, "ಕುಂತ್ಕಳಿ," ಎಂದ.

ಫೆಬ್ರವರಿಯ ನಡುವಿಗೆ ಎರಡು ಬೋಟು ಬಂದವು. ನಡುಹಗಲಿನಲ್ಲಿ ಅವು ಕೆರೆಯನ್ನು ಉದ್ದಕ್ಕೂ ಅಡ್ಡಕ್ಕೂ ಸೀಳುತ್ತಿದ್ದವು. ಅಲೆ ಹೊಡೆದು ಮಣ್ಣಿನ ದಿಬ್ಬದ ಅಂಚು ಕುಸಿಯತೊಡಗಿತು. ಕಡಲಕ್ಕಿಗಳು ತಮ್ಮ ನಾಡಿಗೆ ಮರಳಲು ಇನ್ನೂ ಒಂದು ತಿಂಗಳಾದರೂ ಇತ್ತು. ಮೊದಲ ವಾರ ಮೂವತ್ತೊಂದು ಎಣಿಸಿದೆ, ಈ ಸಲ ಒಂದೇ ಗುಂಪಾಗಿ, ಸರಿಯಾಗಿ. ಆಮೇಲೆ ಹದಿನಾಲ್ಕು. ಸಾಹೇಬರು ನನ್ನಿಂದ ಇನ್ನೇನೂ ಕೇಳಿರಲಿಲ್ಲ. ಆದರೂ ಹೋಗುತ್ತಿದ್ದೆ, ಬಸ್ಸಿನಲ್ಲಿ ಯಾಕೆ ಕೂತಿದ್ದೇನೆಂದು ನನಗೇ ಸಿಟ್ಟು ಬರುತ್ತಿತ್ತು. ನೂರ ಮೂವತ್ತೇಳನ್ನು ಹಾಗೇ ಬಿಟ್ಟಿದ್ದರೆ ಇವು ಉಳಿಯುತ್ತಿದ್ದವೇನೋ ಎಂದು ಎಷ್ಟೋ ಸಲ ಅನಿಸಿದೆ. ಆ ಮಾತನ್ನು ಯಾರ ಹತ್ತಿರವೂ ಆಡಿಲ್ಲ.

ಎರಡನೆಯ ವಾರದ ಕೊನೆಯ ಬೆಳಗ್ಗೆ ಮೂರು ದಾರಿಯಲ್ಲೂ ಕೆರೆ ಖಾಲಿ. ದಿಬ್ಬವೂ ಖಾಲಿ. ಹಿಂದಿರುಗುವಾಗ ಹಾಳೆಯಲ್ಲಿ ಕಡಲಕ್ಕಿಯ ಚೌಕದ ಮೇಲೆ ಪೆನ್ಸಿಲ್ ಇಟ್ಟುಕೊಂಡು ಕೂತೆ. ದೋಣಿಯವನು ಹುಟ್ಟು ಹಾಕುತ್ತಲೇ ನೋಡುತ್ತಿದ್ದ.

"ಖಾಲಿ ಬುಡಿ ಮೇಡಂ. ಏನೂ ಇಲ್ವಲ್ಲ."

"ಖಾಲಿ ಬಿಟ್ಟರೆ ಇವತ್ತು ನಾವು ನೋಡೇ ಇಲ್ಲ ಅಂತಾಗುತ್ತೆ. ನೋಡಿದೀವಿ, ಇರಲಿಲ್ಲ ಅಂದರೆ ಸೊನ್ನೆ ಬರೀಬೇಕು."

ಅವನು ಹುಟ್ಟನ್ನು ಒಳಗೆ ಎಳೆದಿಟ್ಟ. ದೋಣಿ ತನ್ನಷ್ಟಕ್ಕೆ ನಿಂತಿತು. ಎದ್ದು ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಕೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಆಮೇಲೆ ತಿರುಗಿ ಬೆನ್ನ ಹಿಂದಿನದನ್ನೂ ನೋಡಿದ. ಸಂತೆಗೆ ಹೊತ್ತಾಗುತ್ತಿದ್ದರೂ ಸೊಪ್ಪಿನಜ್ಜಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕಾದಳು.

"ಬರ್ಕಳಿ," ಎಂದ ಅವನು ಕೂರುತ್ತಾ. "ನಾನೂ ನೋಡಿದೀನಿ ಅಂತ ಬರ್ಕಳಿ."

ಸೊನ್ನೆ ಬರೆದು, ನೋಡಿದವರು ಎಂಬಲ್ಲಿ ನಮ್ಮಿಬ್ಬರ ಹೆಸರನ್ನೂ ಬರೆದೆ.